ಚಪ್ಪರದ ಮೇಲೆ ಮಳೆ: ಕರಾವಳಿಯ ಮದುವೆಮನೆಗೆ ಪೂರ್ವತಯಾರಿ

ಚಿಕ್ಕಪ್ಪನ ಮಗಳ ಮದುವೆಯ ಮುನ್ನಾದಿನ. ಉಡುಪಿಯಿಂದ ಹನ್ನೆರಡು ಕಿಲೋಮೀಟರ್ ಒಳಗಿನ ಮನೆ, ತುಳು ತಿಂಗಳು ಬೇಶ (ಮೇ ನಡುವಿನಿಂದ ಜೂನ್ ನಡುವಿನವರೆಗೆ), ಅಂಗಳದಲ್ಲಿ ಮದರಂಗಿಯ ಗದ್ದಲ. ಮೂಡು ದಿಕ್ಕಿನಲ್ಲಿ, ಘಟ್ಟದ ಕಡೆ, ಸಂಜೆಯಿಂದಲೇ ಮಿಂಚುತ್ತಿತ್ತು. "ಅದು ಘಟ್ಟದ ಮಳೆ, ಇಲ್ಲಿಗೆ ಇಳಿಯುವುದಿಲ್ಲ" ಎಂದರು ದೊಡ್ಡಪ್ಪ. "ಅಕ್ಕಿ ಮೂಟೆಯನ್ನಾದರೂ ಒಳಗಿಡೋಣ ಭಾವ" ಎಂದರು ಹುಡುಗಿಯ ಸೋದರಮಾವ. ಬದಿಯ ಪರದೆ ಬಿಚ್ಚಲೇ ಎಂದು ಶಾಮಿಯಾನದ ಹುಡುಗ ಇಬ್ಬರ ಮುಖವನ್ನೂ ನೋಡಿದ. ಚಿಕ್ಕಪ್ಪನನ್ನು ಕೇಳಿ ಹೇಳುತ್ತೇವೆ ಎಂದರು. ಚಿಕ್ಕಪ್ಪ ಪುರೋಹಿತರ ಜೊತೆ ಫೋನಿನಲ್ಲಿದ್ದರು. ಎಂಟೂವರೆಗೆ ಗಾಳಿ ಎದ್ದಿತು. ಒಂಬತ್ತಕ್ಕೆ ಶಾಮಿಯಾನ ನೆರೆಮನೆಯ ಹಲಸಿನ ಮರದಲ್ಲಿತ್ತು, ಎರಡು ಮೂಟೆ ಅಕ್ಕಿ ನೆನೆದಿತ್ತು, ಮದರಂಗಿ ಹಚ್ಚಿದ ಕೈಗಳನ್ನು ಮೇಲೆತ್ತಿಕೊಂಡು ಹೆಣ್ಣುಮಕ್ಕಳೆಲ್ಲ ಚಾವಡಿಯಲ್ಲಿ ನಿಂತಿದ್ದರು.

ಮಳೆ ಸುರಿದದ್ದು ಇಪ್ಪತ್ತೇ ನಿಮಿಷ. ಕೆಲಸ ಕೆಡಿಸಿದ್ದು ಅದಕ್ಕೂ ಮುಂಚಿನ ಎರಡು ಗಂಟೆ. ಎಲ್ಲರೂ ಆಕಾಶ ನೋಡುತ್ತಿದ್ದರು, ಹೇಳಬೇಕಾದವರು ಯಾರು ಎನ್ನುವುದು ಗೊತ್ತಿರಲಿಲ್ಲ. ಆಮೇಲೆ ನಮ್ಮ ಕುಟುಂಬದ ಮದುವೆಗಳಲ್ಲಿ ಮಳೆಯ ಉಸ್ತುವಾರಿ ನನ್ನ ತಲೆಗೆ ಬಂತು. ಹಾಗೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಕೆಲಸ: ಮಳೆಗೊಬ್ಬ ಯಜಮಾನ

ದಿನ ಗೊತ್ತಾದ ವಾರದಲ್ಲೇ ಒಬ್ಬರನ್ನು ಆರಿಸಿ. ಹುಡುಗಿಯ ಅಪ್ಪ ಅಮ್ಮ ಬೇಡ, ಹುಡುಗನ ಅಪ್ಪ ಅಮ್ಮನೂ ಬೇಡ. ಆ ದಿನ ಅವರನ್ನು ಹತ್ತು ಜನ ಹತ್ತು ಕಡೆ ಎಳೆಯುತ್ತಿರುತ್ತಾರೆ. ಭಾವನೋ ಅತ್ತಿಗೆಯೋ, ಮಾತು ನಡೆಯುವವರು ಬೇಕು. ಅವರು "ಒಳಗೆ ಸಾಗಿಸಿ" ಎಂದರೆ ದೊಡ್ಡಪ್ಪನೂ ಕುರ್ಚಿ ಎತ್ತಬೇಕು. ಸ್ವಲ್ಪ ಹಣವನ್ನೂ ಅವರ ಕೈಯಲ್ಲಿಡಿ. ರಾತ್ರಿ ಹತ್ತಕ್ಕೆ ಟಾರ್ಪಾಲು ತರಿಸಲು ಯಾರ ಅಪ್ಪಣೆಯನ್ನೂ ಕಾಯುವಂತಾಗಬಾರದು. ಶಾಮಿಯಾನದವರು, ಅಡುಗೆಭಟ್ಟರು, ವಾಹನದವರು, ಮದುವೆ ಹಾಲಿನ (ಕಲ್ಯಾಣಮಂಟಪದ) ಮ್ಯಾನೇಜರು, ಎಲ್ಲರ ನಂಬರು ಅವರ ಮೊಬೈಲಿನಲ್ಲೂ ಇರಲಿ, ಒಂದು ಚೀಟಿಯಲ್ಲೂ ಇರಲಿ.

ಯಾವ ತಿಂಗಳಿಗೆ ಯಾವ ಮಳೆ

ದಕ್ಷಿಣ ಕನ್ನಡ, ಉಡುಪಿ, ನಮ್ಮ ಈ ಎರಡು ಜಿಲ್ಲೆಗಳಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದುಹೋಗುತ್ತದೆ. ಆದರೂ ನನ್ನ ಮಟ್ಟಿಗೆ ಜೂನ್ ಕೊನೆಯ ಮದುವೆಗಿಂತ ಮೇ ಮದುವೆಗೇ ಭಯ ಹೆಚ್ಚು. ಮಳೆಗಾಲದಲ್ಲಿ ಎಲ್ಲರೂ ಕೊಡೆ ಹಿಡಿದೇ ಬರುತ್ತಾರೆ, ಮದುವೆಯೂ ಹಾಲಿನೊಳಗೇ. ಆಟಿಯಲ್ಲಂತೂ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ತುಳುವರ ಮನೆಗಳಲ್ಲಿ ಮದುವೆಯ ಮಾತೇ ಇಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ಬಿಸಿಲನ್ನು ನಂಬಿ ಅಂಗಳದಲ್ಲಿ, ಗದ್ದೆಯಲ್ಲಿ, ಕಡಲ ದಡದಲ್ಲಿ ಹರಡಿಕೊಂಡು ಕೂರುತ್ತೇವೆ.

ಬೇಶದ ಹತ್ತನೆಯ ದಿನ ಪತ್ತನಾಜೆ, ಮೇ 24ರ ಆಸುಪಾಸು. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ, ಭೂತಕೋಲಗಳು ನಿಲ್ಲುವ ದಿನ. ಅಂದು ಹತ್ತು ಹನಿಯಾದರೂ ಬೀಳಬೇಕು ಎನ್ನುವುದು ಹಿರಿಯರ ಮಾತು. ಮುಂಗಾರು ಕೇರಳ ಮುಟ್ಟುವ ವಾಡಿಕೆಯ ದಿನ ಜೂನ್ 1, ನಮ್ಮಲ್ಲಿಗೆ ನಾಲ್ಕೈದು ದಿನ ತಡ. ಆದರೆ 2025ರಲ್ಲಿ ಅದು ಮೇ 24ಕ್ಕೇ ಕೇರಳ ಮುಟ್ಟಿತ್ತು. 2021ರ ಮೇ ನಡುವಿನಲ್ಲಿ ತೌಕ್ತೆ ಚಂಡಮಾರುತ ಇಡೀ ಕರಾವಳಿಯನ್ನು ಅಲ್ಲಾಡಿಸಿತು. 2018ರ ಮೇ 29ರಂದು ಮಂಗಳೂರಿನ ರಸ್ತೆಗಳೇ ತೋಡು (ಸಣ್ಣ ಹಳ್ಳ) ಆಗಿದ್ದವು. ಆದ್ದರಿಂದ ಮೇ 15ರ ಆಚೆಗಿನ ಮುಹೂರ್ತವಾದರೆ ಅದನ್ನು ಮಳೆಗಾಲದ ಮದುವೆ ಎಂದೇ ಲೆಕ್ಕ ಹಾಕಿ. ಅಕ್ಟೋಬರ್, ನವೆಂಬರ್‌ನಲ್ಲಿ ಬೆಳಗ್ಗೆ ಬಿಸಿಲಿದ್ದು ಮಧ್ಯಾಹ್ನದ ಮೇಲೆ ಗುಡುಗುವುದು ಹೆಚ್ಚು. ಆ ದಿನಗಳಲ್ಲಿ ಧಾರೆಗೆ ತೊಂದರೆ ಕಡಿಮೆ, ಸಂಜೆಯ ಆರತಕ್ಷತೆಗೆ ಜಾಸ್ತಿ. ಮನೆಯಂಗಳದಲ್ಲಿ ಸಂಜೆ ರೋಸ್ (ಮದುವೆಯ ಮುನ್ನಾದಿನ ತೆಂಗಿನ ಹಾಲು ಹಚ್ಚುವ ಶಾಸ್ತ್ರ) ಇಟ್ಟುಕೊಳ್ಳುವ ಕ್ರೈಸ್ತ ಬಂಧುಗಳಿಗೂ ಇದೇ ಮಾತು.

ಹಾಲನ್ನು ಮಳೆಯಲ್ಲೇ ನೋಡಿ

ಡಿಸೆಂಬರ್‌ನಲ್ಲಿ ಎಲ್ಲ ಹಾಲುಗಳೂ ಚೆನ್ನಾಗಿಯೇ ಕಾಣುತ್ತವೆ. ಸಾಧ್ಯವಾದರೆ ಮಳೆ ಸುರಿಯುವಾಗ ಒಮ್ಮೆ ಹೋಗಿ ಬನ್ನಿ. ಕಾರಿನಿಂದ ಇಳಿದವರು ಬಾಗಿಲು ಮುಟ್ಟುವವರೆಗೆ ಎಷ್ಟು ಹೆಜ್ಜೆ ನೆನೆಯುತ್ತಾರೆ, ಊಟದ ಹಾಲಿಗೆ ಹೋಗುವ ದಾರಿಗೆ ಮಾಡು (ಸೂರು) ಇದೆಯೇ, ಕೈತೊಳೆಯುವ ಜಾಗ ತೆರೆದಿದೆಯೇ, ಅಡುಗೆಮನೆಯಿಂದ ಪಾತ್ರೆ ಬರುವ ದಾರಿ ಯಾವುದು, ಇವನ್ನು ನೋಡಿ. ಹಾಲಿನ ಎದುರಿನ ರಸ್ತೆಯನ್ನೂ ನೋಡಿ. ಮಂಗಳೂರಿನಲ್ಲಿ ಪಂಪ್‌ವೆಲ್, ಕೊಟ್ಟಾರ ಚೌಕಿ, ಉಡುಪಿಯಲ್ಲಿ ಕಲ್ಸಂಕ, ಬನ್ನಂಜೆಯಂತಹ ತಗ್ಗು ಜಾಗಗಳಲ್ಲಿ ಜೋರು ಮಳೆಗೆ ನೀರು ನಿಂತದ್ದನ್ನು ಪ್ರತಿವರ್ಷ ಪತ್ರಿಕೆಯಲ್ಲಿ ನೋಡುತ್ತೇವೆ. ಹಾಲು ಒಣಗಿದ್ದು ನೆಂಟರು ಸೇತುವೆಯಡಿ ಸಿಕ್ಕಿಕೊಂಡರೆ ಏನು ಪ್ರಯೋಜನ?

ತೆರೆದ ಹುಲ್ಲುಹಾಸು ಅಥವಾ ಕಡಲ ದಡದ ರೆಸಾರ್ಟು ಹಿಡಿಯುವವರು ಮುಂಗಡ ಕೊಡುವ ಮೊದಲೇ ಕೇಳಬೇಕಾದ್ದು ಒಂದೇ: ಮಳೆ ಬಂದರೆ ಅಷ್ಟೇ ಜನ ಹಿಡಿಯುವ ಮುಚ್ಚಿದ ಜಾಗ ಇದೆಯೇ, ಅದು ಆ ದಿನ ನಮ್ಮ ಹೆಸರಿನಲ್ಲೇ ಇರುತ್ತದೆಯೇ? "ನೋಡೋಣ, ಅಡ್ಜಸ್ಟ್ ಮಾಡೋಣ" ಎನ್ನುವ ಉತ್ತರ ಸಿಕ್ಕರೆ ಇಲ್ಲ ಎಂದು ತಿಳಿಯಿರಿ. ಸಿಕ್ಕ ಉತ್ತರವನ್ನು ರಸೀದಿಯ ಹಿಂದೆಯಾದರೂ ಬರೆಸಿಕೊಳ್ಳಿ. ಮದುವೆಗೆ ವಿಮೆಯೂ ಸಿಗುತ್ತದೆ. ನೆರೆಯಿಂದ ಮದುವೆಯೇ ನಿಂತರೆ ಸಿಗುವುದೆಷ್ಟು, ಬರೀ ಮಳೆಗೆ ಜನ ಬಾರದಿದ್ದರೆ ಏನಾದರೂ ಸಿಗುತ್ತದೆಯೇ ಎಂಬುದನ್ನು ಷರತ್ತಿನಲ್ಲಿ ಓದಿಯೇ ಸಹಿ ಹಾಕಿ.

ಚಪ್ಪರ

ಮನೆಯಂಗಳದ ಮದುವೆಗೆ ಇದೇ ಮುಖ್ಯ, ಹಾಗಾಗಿ ಸ್ವಲ್ಪ ಲೆಕ್ಕ ಹೇಳುತ್ತೇನೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಮೂವತ್ತು ಅಡಿ ಅಗಲ, ಐವತ್ತು ಅಡಿ ಉದ್ದದ ಚಪ್ಪರ ಸುಮಾರು 140 ಚದರ ಮೀಟರ್. ಅದರ ಮೇಲೆ 50 ಮಿಲಿಮೀಟರ್ ಮಳೆ ಸುರಿದರೆ 7,000 ಲೀಟರ್. ಒಂದು ದೊಡ್ಡ ಟ್ಯಾಂಕರಿನಷ್ಟು ನೀರು! ಅದು ಎಲ್ಲಿಂದ ಇಳಿದು ಎಲ್ಲಿಗೆ ಹೋಗುತ್ತದೆ ಎಂದು ಶಾಮಿಯಾನದವರನ್ನು ಕೇಳಿ. ಅನೇಕರು ಮೇಲೆ ನೋಡುತ್ತಾರೆ, ನೀವು ಕೆಳಗೆ ನೋಡಿ. ಚಪ್ಪರದ ಅಂಚಿನ ಕೆಳಗೆ ಒಂದಡಿ ಕಣಿ ತೋಡಿಸಿ, ಅದನ್ನು ತೋಟದ ಕಡೆಗೋ ತೋಡಿಗೋ ಸೇರಿಸಿ. ಎರಡಾಳಿನ ಅರ್ಧ ದಿನದ ಕೆಲಸ, ಅಷ್ಟೇ.

ಬಟ್ಟೆಯ ಶಾಮಿಯಾನ ನೆರಳಿಗೆ ಮಾತ್ರ. ಮೇ ನಡು ದಾಟಿದ ಮೇಲೆ ತಗಡಿನ ಶೀಟಿನ ಮಾಡೇ ಸರಿ, ಅದಕ್ಕೂ ಒಂದು ಬದಿಗೆ ಚೆನ್ನಾಗಿ ಇಳಿಜಾರು ಬೇಕು. ಟಾರ್ಪಾಲು ಹಾಕಿದರೆ ಬಿಗಿಯಾಗಿ ಎಳೆದು ಕಟ್ಟಿಸಿ. ಸಡಿಲವಾದ ಕಡೆ ನೀರು ಮಡುಗಟ್ಟಿ ಹೊಟ್ಟೆ ಇಳಿಯುತ್ತದೆ, ಕೆಳಗಿನಿಂದ ಯಾರಾದರೂ ಕೋಲಿನಲ್ಲಿ ಮೇಲೆತ್ತುತ್ತಾರೆ, ಆ ನೀರು ಸರಿಯಾಗಿ ಬೀಗರ ಮೇಲೆಯೇ ಬೀಳುತ್ತದೆ. ಕಂಬಗಳನ್ನು ನೆಲದೊಳಗೆ ಹೂತಿರಬೇಕು. ಡಬ್ಬದಲ್ಲಿ ಮರಳು ತುಂಬಿ ನಿಲ್ಲಿಸಿದ ಕಂಬವನ್ನು ನಂಬಬೇಡಿ. ಬದಿಯ ಪರದೆಗಳು ಹಾಯಿಯ ಹಾಗೆ ಗಾಳಿ ಹಿಡಿಯುತ್ತವೆ. ಗಾಳಿ ಎದ್ದಾಗ ಮೊದಲು ಬಿಚ್ಚಬೇಕಾದ್ದು ಅವನ್ನೇ. ಬಿಚ್ಚುವುದು ಯಾರು ಎನ್ನುವುದನ್ನು ಹೆಸರು ಹಿಡಿದು ಹೇಳಿಡಿ. ಹತ್ತಿರದ ತೆಂಗಿನ ಮರದ ಒಣ ಮಡಲು, ಕಾಯಿಗಳನ್ನು ವಾರದ ಮೊದಲೇ ತೆಗೆಸಿ.

ತಗಡಿನ ಮಾಡಿಗೆ ಒಂದು ದೋಷವಿದೆ. ಜೋರು ಮಳೆಗೆ ಅದರಡಿಯಲ್ಲಿ ಮಂತ್ರವೂ ಕೇಳುವುದಿಲ್ಲ, ವಾಲಗವೂ ಕೇಳುವುದಿಲ್ಲ. ಪುರೋಹಿತರಿಗೆ ಕಾಲರ್ ಮೈಕು ಕೊಡಿ. ಮಂಟಪದ ಮೇಲೆ ಮಾತ್ರವಾದರೂ ಶೀಟಿನ ಕೆಳಗೆ ದಪ್ಪ ಬಟ್ಟೆ ಎಳೆಸಿದರೆ ಸದ್ದು ಸ್ವಲ್ಪ ತಗ್ಗುತ್ತದೆ.

ನೆಲದ ಮಾತು. ಕೆಂಪುಕಲ್ಲಿನ ಅಂಗಳ ಪಾಚಿ ಹಿಡಿದರೆ ಮಂಜುಗಡ್ಡೆಯೇ. ವಾರದ ಮೊದಲು ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿಸಿ. ನಡೆಯುವ ದಾರಿಗೆ ಪ್ಲಾಸ್ಟಿಕ್ ಹಾಸಬೇಡಿ, ಅದು ಇನ್ನೂ ಜಾರುತ್ತದೆ. ತೆಂಗಿನ ನಾರಿನ ಚಾಪೆ ಅಥವಾ ಗೋಣಿಚೀಲ ಸಾಕು. ಗೋಣಿಯನ್ನು ಹೆಚ್ಚಾಗಿಯೇ ತರಿಸಿಡಿ, ಅರ್ಧ ದಿನಕ್ಕೆ ನೆನೆದು ಬದಲಿಸಬೇಕಾಗುತ್ತದೆ.

ಇನ್ನು ಗದ್ದೆಯ ಪಾರ್ಕಿಂಗ್. ಕೊಯ್ಲಾದ ಗದ್ದೆ ಮೇ ತಿಂಗಳಲ್ಲಿ ಕಾಂಕ್ರೀಟಿನಷ್ಟು ಗಟ್ಟಿ. ಇನ್ನೂರು ಕಾರು ನಿಲ್ಲಿಸಿ ಊಟಕ್ಕೆ ಕೂರುತ್ತೇವೆ. ಊಟದ ಹೊತ್ತಿಗೆ ಅರ್ಧ ಗಂಟೆ ಮಳೆ ಬಂದರೆ ಅಷ್ಟೂ ಕಾರು ಕೆಸರಿನಲ್ಲಿ. ಪ್ರವೇಶದ ಕಡೆ ಇಪ್ಪತ್ತು ಮೀಟರಿಗಾದರೂ ಕ್ರಷರ್ ಹುಡಿ ಹಾಕಿಸಿ, ಹಿರಿಯರ ಕಾರು, ಮದುಮಕ್ಕಳ ಕಾರುಗಳನ್ನು ರಸ್ತೆಯ ಬದಿಗೇ ನಿಲ್ಲಿಸಿ, ಊರಲ್ಲಿ ಟ್ರ್ಯಾಕ್ಟರ್ ಇರುವವರನ್ನು ಮದುವೆಗೆ ತಪ್ಪದೆ ಕರೆಯಿರಿ. ಕೊನೆಯದು ತಮಾಷೆಯಲ್ಲ.

ಕರೆಂಟು

ಮುಂಗಾರುಪೂರ್ವ ಗಾಳಿಗೆ ಮರ ಉರುಳುತ್ತದೆ, ತಂತಿ ಕಡಿಯುತ್ತದೆ. ಮೆಸ್ಕಾಂ ಸಹಾಯವಾಣಿ 1912 ಬರೆದಿಟ್ಟುಕೊಳ್ಳಿ, ಆದರೆ ಅದನ್ನೇ ನೆಚ್ಚಬೇಡಿ. ಹಾಲಿನಲ್ಲಿ ಜನರೇಟರ್ ಇದೆ ಎಂದರೆ ಯಾವುದಕ್ಕೆಲ್ಲ ಇದೆ ಎಂದು ಕೇಳಿ. ಎಷ್ಟೋ ಕಡೆ ದೀಪ ಮತ್ತು ಫ್ಯಾನಿಗೆ ಮಾತ್ರ ಸಂಪರ್ಕ ಇರುತ್ತದೆ, ಅಡುಗೆಮನೆಯ ಗ್ರೈಂಡರ್, ನೀರೆತ್ತುವ ಪಂಪು ಹೊರಗೇ ಉಳಿದಿರುತ್ತವೆ. ಮುನ್ನಾದಿನ ಎಲ್ಲವನ್ನೂ ಹಚ್ಚಿ ಒಂದು ಗಂಟೆ ಓಡಿಸಿ ನೋಡಿ.

ಅಂಗಳದ ಮದುವೆಯಲ್ಲಿ ಕರೆಂಟು ಹೋಗುವುದಕ್ಕಿಂತ ಕರೆಂಟು ಹೊಡೆಯುವುದು ದೊಡ್ಡ ಅಪಾಯ. ಒದ್ದೆ ನೆಲದಲ್ಲಿ ಮಲಗಿದ ವಯರು, ಟೇಪು ಸುತ್ತಿದ ಜೋಡಣೆ, ಕಬ್ಬಿಣದ ಕಂಬಕ್ಕೆ ಕಟ್ಟಿದ ಸೀರಿಯಲ್ ಸೆಟ್, ಇವೆಲ್ಲ ಮಕ್ಕಳ ಕೈಗೆಟಕುವಲ್ಲೇ ಇರುತ್ತವೆ. ಲೈಟಿಂಗಿನವರಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಲೇಬೇಕೆಂದು ಹೇಳಿ. ನೆಲಕ್ಕೆ ವಿದ್ಯುತ್ ಸೋರಿದ ಕ್ಷಣವೇ ಅದು ಸಂಪರ್ಕ ಕಡಿಯುತ್ತದೆ. ಪ್ಲಗ್ ಬೋರ್ಡುಗಳು ನೆಲದಿಂದ ಮೂರಡಿ ಮೇಲಿರಲಿ.

ಸಿಡಿಲಿಗೆ ಚಪ್ಪರ ಆಸರೆಯಲ್ಲ, ಗದ್ದೆ ನಡುವಿನ ಕಬ್ಬಿಣದ ಚಪ್ಪರವಂತೂ ಅಲ್ಲವೇ ಅಲ್ಲ. ಮಿಂಚು ಕಂಡು ಗುಡುಗು ಕೇಳುವವರೆಗೆ ಎಣಿಸಿ, ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್. ಮೂವತ್ತು ಎಣಿಸುವುದರೊಳಗೆ ಗುಡುಗಿದರೆ ಎಲ್ಲರೂ ಮನೆಯೊಳಗೆ. ಕೊನೆಯ ಗುಡುಗಾಗಿ ಅರ್ಧ ಗಂಟೆ ಆಗದೆ ಹೊರಗೆ ಬರುವುದು ಬೇಡ.

ಅಡುಗೆ ಮತ್ತು ಹೂವು

ಅಡುಗೆಭಟ್ಟರಿಗೆ ಮಳೆ ಹೊಸತಲ್ಲ, ಹಪ್ಪಳವನ್ನು ಡಬ್ಬದಲ್ಲಿಟ್ಟು ಪಂಕ್ತಿಗೆ ಸ್ವಲ್ಪ ಮೊದಲು ಕರಿಯುವುದು, ಕಟ್ಟಿಗೆಯನ್ನು ಮಾಡಿನಡಿ ಒಟ್ಟುವುದು ಅವರಿಗೇ ಗೊತ್ತು. ನೀವು ನೋಡಬೇಕಾದ್ದು ನೀರು. ಮೇ ತಿಂಗಳ ವಿಚಿತ್ರವೆಂದರೆ ಮಂಗಳೂರಿಗೆ ನೀರು ಕೊಡುವ ತುಂಬೆ ಅಣೆಕಟ್ಟಿನಲ್ಲೂ ಉಡುಪಿಗೆ ಕೊಡುವ ಬಜೆಯಲ್ಲೂ ನೀರು ತಳ ಮುಟ್ಟಿರುತ್ತದೆ, ಟ್ಯಾಂಕರಿಗೆ ಓಡಾಡುತ್ತಿರುತ್ತೇವೆ, ಮೇಲಿನಿಂದ ಮಳೆಯ ಭಯವೂ ಇರುತ್ತದೆ. ಮೊದಲ ಜೋರು ಮಳೆಗೆ ಕಟ್ಟೆ ತಗ್ಗಿರುವ ಬಾವಿಗೆ ಕೆಂಪು ನೀರು ಇಳಿಯುವುದೂ ಉಂಟು. ಅಡುಗೆಗೆ, ಕುಡಿಯಲು ಬೇಕಾದಷ್ಟನ್ನು ಹಿಂದಿನ ದಿನವೇ ತುಂಬಿಸಿಡಿ.

ಎರಡನೆಯದು ಜನರ ಲೆಕ್ಕ. ರೆಡ್ ಅಲರ್ಟ್ ದಿನ ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಡುತ್ತಾರೆ, ಮದುವೆಗೆ ಕೊಡುವುದಿಲ್ಲ. ಬರುವವರು ಕಡಿಮೆಯಾಗುತ್ತಾರೆ, ಬಂದವರು ತಡವಾಗಿ ಬರುತ್ತಾರೆ, ಉಂಡವರು ಮಳೆ ಬಿಡುವವರೆಗೆ ಏಳುವುದಿಲ್ಲ. ಅನ್ನವನ್ನು ಒಂದೇ ಸಲಕ್ಕೆ ಬಾಗಿಸದೆ, ಮೊದಲ ಪಂಕ್ತಿಯ ಎಲೆ ಎಣಿಸಿದ ಮೇಲೆ ಎರಡನೆಯ ಹಂಡೆ ಇಡಲು ಹೇಳಿ. ಉಂಡವರಿಗೆ ಜಗಲಿಯಲ್ಲಿ ಐವತ್ತು ಕುರ್ಚಿ, ಬಿಸಿ ಕಷಾಯ ಇದ್ದರೆ ಊಟದ ಹಾಲು ತಾನಾಗಿ ಖಾಲಿಯಾಗುತ್ತದೆ. ಜೂನ್, ಜುಲೈನಲ್ಲಿ ಬೀಗರ ಔತಣಕ್ಕೆ ಮೀನು ಬೇಕೆನ್ನುವವರಿಗೆ ನೆನಪಿರಲಿ: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಕೋಳಿಯೇ ಗತಿ.

ಮಲ್ಲಿಗೆಯ ವಿಷಯದಲ್ಲಿ ನಮ್ಮವರು ರಾಜಿಯಾಗುವುದಿಲ್ಲ. ಮಳೆ ಹಿಡಿದರೆ ಶಂಕರಪುರದ ತೋಟಗಳಲ್ಲಿ ಮೊಗ್ಗು ಕಡಿಮೆ, ದರ ಏರುತ್ತದೆ. ಚೆಂಡಿಗೆ 800 ಹೂ, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಎಷ್ಟು ಅಟ್ಟೆ ಬೇಕೆಂದು ತಿಂಗಳ ಮೊದಲೇ ಹೂವಿನವರಿಗೆ ಹೇಳಿಡಿ, ಮುನ್ನಾದಿನ ಹೂ ಮಾರುವ ಕಟ್ಟೆಗೆ ಹೋಗಿ ನಿಂತರೆ ಸಿಗುವುದಿಲ್ಲ. ಮದುಮಗಳ ಜಡೆಗೆ ಮಲ್ಲಿಗೆ ಇರಲಿ. ನೆಂಟರಿಗೆ ಕೊಡಲು ಜಾಜಿಯೋ ಅಬ್ಬಲಿಗೆಯೋ ಸಿಕ್ಕರೆ ಸಾಕು ಎಂದು ಮನಸ್ಸು ಗಟ್ಟಿ ಮಾಡಿಕೊಳ್ಳಿ. ಮಂಟಪದ ಅಲಂಕಾರದಲ್ಲಿ ಬಣ್ಣದ ಕಾಗದ, ಬಣ್ಣ ಬಿಡುವ ಬಟ್ಟೆ ಬೇಡ. ಒಂದು ಸೋರಿಕೆ ಸಾಕು, ಬಿಳಿ ಪಂಚೆ ಗುಲಾಬಿಯಾಗುತ್ತದೆ.

ದಿಬ್ಬಣ ಹೊರಡುವ ಹೊತ್ತು

ಲಗ್ನಪತ್ರಿಕೆಯಲ್ಲಿ 12.20ರ ಅಭಿಜಿನ್ ಮುಹೂರ್ತ ಎಂದು ಅಚ್ಚಾದ ಮೇಲೆ ಅದು ಯಾರಿಗೂ ಕಾಯುವುದಿಲ್ಲ. ಒಣ ದಿನದಲ್ಲಿ ಮಂಗಳೂರಿನಿಂದ ಉಡುಪಿಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಒಂದೂಕಾಲು ಗಂಟೆ ಸಾಕಾದರೆ, ಜೋರು ಮಳೆಗೆ ಎರಡೂವರೆ ಗಂಟೆ ಇಟ್ಟುಕೊಳ್ಳಿ. ಮದುಮಗ, ಪುರೋಹಿತರು, ತಾಳಿ ಇರುವ ಪೆಟ್ಟಿಗೆ, ಇವು ಮೊದಲ ಗಾಡಿಯಲ್ಲೇ ಹೊರಡಲಿ. ಫೋಟೊದವರು ಹಿಂದಿನಿಂದ ಬಂದರೂ ಮದುವೆ ನಿಲ್ಲುವುದಿಲ್ಲ.

ಘಟ್ಟದ ಮೇಲಿನಿಂದ ಬರುವ ಸಂಬಂಧವಾದರೆ ಒಂದು ದಿನ ಮೊದಲೇ ಕರೆಸಿಕೊಳ್ಳಿ, ಇದರಲ್ಲಿ ಸಂಕೋಚ ಬೇಡ. ಶಿರಾಡಿ, ಚಾರ್ಮಾಡಿ, ಸಂಪಾಜೆ, ಆಗುಂಬೆ, ನಾಲ್ಕು ದಾರಿಗಳಲ್ಲಿ ಯಾವುದು ಯಾವಾಗ ಕುಸಿಯುತ್ತದೆಂದು ಹೇಳಲು ಬಾರದು. ರೈಲಿದೆ ಎನ್ನುವಂತೆಯೂ ಇಲ್ಲ: 2024ರ ಜುಲೈ ಕೊನೆಯಲ್ಲಿ ಎಡಕುಮೇರಿ ಬಳಿ ಹಳಿಯಡಿಯ ಮಣ್ಣು ಕುಸಿದು ಬೆಂಗಳೂರು ರೈಲುಗಳು ಹಲವು ದಿನ ನಿಂತಿದ್ದವು. ಮುಂಬೈಯ ನೆಂಟರಿಗೆ ಕೊಂಕಣ ರೈಲ್ವೆಯ ಮಳೆಗಾಲದ ವೇಳಾಪಟ್ಟಿ ಬೇರೆಯೇ ಇರುತ್ತದೆ, ಗಾಡಿಗಳು ನಿಧಾನ. ಬಜಪೆಯ ವಿಮಾನ ನಿಲ್ದಾಣ ಗುಡ್ಡದ ನೆತ್ತಿಯಲ್ಲಿರುವುದರಿಂದ ಮೋಡ ಕವಿದರೆ ವಿಮಾನವನ್ನು ಬೆಂಗಳೂರಿಗೋ ಕೊಚ್ಚಿಗೋ ತಿರುಗಿಸುತ್ತಾರೆ. ಬೆಳಗಿನ ವಿಮಾನದಲ್ಲಿ ಬಂದು ಮಧ್ಯಾಹ್ನ ಅಕ್ಕಿಕಾಳು ಹಾಕುತ್ತೇನೆ ಎನ್ನುವ ಸೋದರಮಾವನಿಗೆ ಇದನ್ನು ಓದಿ ಹೇಳಿ.

ಮುನ್ಸೂಚನೆ ನೋಡುವ ಹೊತ್ತು

ತಿಂಗಳ ಮೊದಲು ಮೊಬೈಲಿನಲ್ಲಿ ಕಾಣುವ ಮೋಡದ ಚಿತ್ರಕ್ಕೆ ಬೆಲೆ ಇಲ್ಲ. ಹವಾಮಾನ ಇಲಾಖೆಯ ಜಿಲ್ಲಾವಾರು ಮುನ್ಸೂಚನೆಯನ್ನು ಐದು ದಿನ ಇರುವಾಗಿನಿಂದ ನೋಡಿ. 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ ಅವರ ಲೆಕ್ಕದಲ್ಲಿ ಭಾರೀ ಮಳೆ, 115.6 ದಾಟಿದರೆ ಅತಿ ಭಾರೀ, 204.5 ದಾಟಿದರೆ ಅತ್ಯಂತ ಭಾರೀ. ಯೆಲ್ಲೋ ಎಂದರೆ ಗಮನವಿಡಿ, ಆರೆಂಜ್ ಎಂದರೆ ಸಿದ್ಧರಾಗಿ, ರೆಡ್ ಎಂದರೆ ಕೆಲಸಕ್ಕಿಳಿಯಿರಿ. ರಾಜ್ಯದ ವರುಣಮಿತ್ರ ಸಹಾಯವಾಣಿ 92433 45433ಕ್ಕೆ ಕರೆ ಮಾಡಿ ನಿಮ್ಮ ಊರಿನ ಮಳೆಯ ಮಾಹಿತಿ ಕೇಳಬಹುದು. ಸಿಡಿಲಿಗೆ ದಾಮಿನಿ ಆ್ಯಪ್ ಇದೆ.

ನಾವು ಮೂರು ಗಡುವು ಇಟ್ಟುಕೊಂಡಿದ್ದೇವೆ. ಮೂರು ದಿನ ಮೊದಲು: ಆರೆಂಜ್ ಇದ್ದರೆ ತಗಡಿನ ಮಾಡು, ಜನರೇಟರ್ ಖಾಯಂ. ಮುನ್ನಾದಿನ ಸಂಜೆ ನಾಲ್ಕು: ಮಂಟಪ ಒಳಗೋ ಹೊರಗೋ ಎಂಬ ತೀರ್ಮಾನ. ಆಮೇಲೆ ಬಿಸಿಲು ಬಂದರೂ ಅದನ್ನು ಬದಲಿಸುವುದಿಲ್ಲ, ಬದಲಿಸಹೊರಟರೆ ಎರಡೂ ಕೆಡುತ್ತದೆ. ಮದುವೆಯ ದಿನ ಬೆಳಗ್ಗೆ ಆರು: ದಿಬ್ಬಣ ಎಷ್ಟು ಹೊತ್ತಿಗೆ, ಯಾವ ದಾರಿ. ಅದನ್ನು ಎರಡೂ ಕಡೆಯ ವಾಟ್ಸ್ಆ್ಯಪ್ ಗುಂಪಿಗೆ ಯಜಮಾನರೊಬ್ಬರೇ ಹಾಕಬೇಕು. ಉಳಿದವರು ಮೋಡದ ಫೋಟೊ ಹಾಕುವುದನ್ನು ತಡೆಯಲು ನನ್ನಿಂದ ಇನ್ನೂ ಆಗಿಲ್ಲ.

ಒಂದು ಚೀಲ, ಹತ್ತು ಕೊಡೆ

ಮದುಮಗಳ ಕೋಣೆಯಲ್ಲಿ ಒಂದು ಚೀಲ ಇರಲಿ: ನಾಲ್ಕು ಟವೆಲ್, ಹೇರ್ ಡ್ರೈಯರ್, ಸೇಫ್ಟಿ ಪಿನ್, ಟಾರ್ಚು, ಪವರ್ ಬ್ಯಾಂಕ್, ಒಂದು ಜೊತೆ ರಬ್ಬರ್ ಚಪ್ಪಲಿ, ದೊಡ್ಡ ಪ್ಲಾಸ್ಟಿಕ್ ಚೀಲಗಳು. ಕಾರಿನಿಂದ ಹಾಲಿಗೆ ಹೋಗುವಾಗ ಧಾರೆ ಸೀರೆಯ ನೆರಿಗೆಯನ್ನು ಹಿಡಿದೆತ್ತಲು ಇಬ್ಬರು ಗೆಳತಿಯರು ಬೇಕು. ಜರಿಗೆ ಕೆಸರು ಹಾರಿದರೆ ಒದ್ದೆಯಲ್ಲಿ ಉಜ್ಜಬೇಡಿ, ಒಣಗಿದ ಮೇಲೆ ಮೆಲ್ಲಗೆ ಕೊಡವಿ. ಕಾಶಿಯಾತ್ರೆಯ ಕೊಡೆಯನ್ನು ನಂಬಿ ಮದುಮಗ ಹೊರಗಿಳಿಯುವುದು ಬೇಡ, ಅದು ಬಿಡಿಸಿದರೆ ಫೋಟೊಗೆ ಮಾತ್ರ ಆಗುವಂಥದ್ದು. ಬಾಗಿಲಲ್ಲಿ ನಾಲ್ಕು ಹುಡುಗರು, ಹತ್ತು ದೊಡ್ಡ ಕೊಡೆ. ಇಳಿದವರನ್ನು ಒಳಗೆ ಬಿಟ್ಟು ಮತ್ತೆ ಹೊರಗೆ ಓಡುವುದೇ ಅವರ ಕೆಲಸ.

ನೆಂಟರು ತಂದ ಕೊಡೆಗಳಿಗೆ ಬಾಗಿಲ ಬಳಿ ಎರಡು ಡ್ರಮ್ ಇಟ್ಟು, ಹಿಡಿಗೆ ನಂಬರಿನ ಚೀಟಿ ಕಟ್ಟಿ ಇನ್ನೊಂದು ಅರ್ಧ ಅವರ ಕೈಯಲ್ಲಿ ಕೊಡಿ. ಎಲ್ಲ ಕೊಡೆಗಳೂ ಕಪ್ಪು, ಎಲ್ಲ ಹಿಡಿಗಳೂ ಬಾಗಿದವು. ಚಿಕ್ಕಪ್ಪನ ಮಗಳ ಮದುವೆಯಿಂದ ನಾನು ತಂದ ಕೊಡೆ ನನ್ನದಲ್ಲ ಎಂದು ಗೊತ್ತಾದದ್ದು ಮನೆಗೆ ಬಂದು ಬಿಡಿಸಿ ಒಣಗಲು ಇಟ್ಟಾಗ. ಒಳಗೆ ಯಾರೋ ಬಿಳಿ ದಾರದಲ್ಲಿ ಚಂದವಾಗಿ ಹೆಸರು ಹೊಲಿದಿದ್ದಾರೆ. ಆ ಹೆಸರಿನವರು ನಮ್ಮ ಕಡೆಯವರಲ್ಲ, ಹುಡುಗನ ಕಡೆಯಲ್ಲೂ ಇಲ್ಲವಂತೆ.